ನೇತ್ರಾಣಿಗೆ ಹೊರಡುವ ಮುನ್ನ: ಯಾವ ಮಾಸ್ಕ್, ಯಾವ ಫಿನ್?

ಬಳ್ಳಾರಿಗೂ ಸಮುದ್ರಕ್ಕೂ ಬಹಳ ದೂರ. ಹೊಸಪೇಟೆ, ಕೊಪ್ಪಳ, ಗದಗ ದಾಟಿ ಹುಬ್ಬಳ್ಳಿ ಸೇರಬೇಕು, ಅಲ್ಲಿಂದ ಘಟ್ಟ ಇಳಿದು ಮುರುಡೇಶ್ವರ ಮುಟ್ಟಬೇಕು, ಬೆಳಿಗ್ಗೆ ಎದ್ದು ನೇತ್ರಾಣಿ ದ್ವೀಪಕ್ಕೆ ಮತ್ತೆ ಸುಮಾರು 19 ಕಿಲೋಮೀಟರ್ ದೋಣಿಯಲ್ಲಿ ಸಾಗಬೇಕು. ಇಷ್ಟೆಲ್ಲ ಹಾದಿ ಸವೆಸಿ ಸ್ಕೂಬಾ ಡೈವಿಂಗ್‌ಗೆಂದು ನೀರಿಗಿಳಿದ ಮೊದಲ ಸಲ ನಾನು ಅರ್ಧ ಹೊತ್ತನ್ನು ಕಣ್ಣು ಮೂಗು ಮುಚ್ಚುವ ಮಾಸ್ಕಿನೊಳಗೆ ಜಿನುಗಿದ ನೀರನ್ನು ಮೂಗಿನಿಂದ ಊದಿ ಹೊರಹಾಕುವುದರಲ್ಲೇ ಕಳೆದೆ. ಜೊತೆಗಿದ್ದವರು ಹವಳದ ಬಂಡೆಯ ಸಂದಿನಲ್ಲಿ ಮೀನುಗಳನ್ನು ನೋಡುತ್ತಿದ್ದರೆ ನನ್ನ ಕಣ್ಣು ಉಪ್ಪುನೀರಿಗೆ ಉರಿಯುತ್ತಿತ್ತು. ಆ ಮಾಸ್ಕನ್ನು ಆನ್‌ಲೈನ್‌ನಲ್ಲಿ ಹೊಗಳಿಕೆ ಓದಿ ತರಿಸಿದ್ದೆ. ವಸ್ತು ಒಳ್ಳೆಯದೇ. ಈಗ ಅದನ್ನು ನನ್ನ ಅಕ್ಕನ ಮಗ ಹಾಕಿಕೊಳ್ಳುತ್ತಾನೆ, ಅವನಿಗೆ ಒಂದು ಹನಿಯೂ ಒಳಗೆ ಬರುವುದಿಲ್ಲ.

ನಮ್ಮದು ಜೀನ್ಸ್ ಹೊಲಿಯುವ ಮನೆ. ಬಳ್ಳಾರಿಯಲ್ಲಿ ಈ ಕೆಲಸ ಮಾಡುವ ಯಾರನ್ನಾದರೂ ಕೇಳಿ, ಒಂದು ಘಟಕದ 32 ಇನ್ನೊಂದು ಘಟಕದ 32ಕ್ಕೆ ಸಮನಾಗಿರುವುದಿಲ್ಲ ಎನ್ನುತ್ತಾರೆ. ಸೊಂಟ ಕೂತರೆ ತೊಡೆ ಬಿಗಿ, ತೊಡೆ ಕೂತರೆ ಸೊಂಟ ಸಡಿಲ. ಬಟ್ಟೆಗೆ ಅಂಕಿಯಾದರೂ ಇದೆ. ಮಾಸ್ಕಿಗೆ ಬಹುಪಾಲು ಅದೂ ಇಲ್ಲ, ಒಂದೇ ಅಳತೆಯಲ್ಲಿ ಬರುತ್ತದೆ. ಅದಕ್ಕೆ ನಮ್ಮ ಮುಖ ಹೊಂದಬೇಕು, ಇಲ್ಲವೇ ಬೇರೆ ಮಾಸ್ಕ್ ಹುಡುಕಬೇಕು. ಹಾಗಾಗಿ ಬಳ್ಳಾರಿ, ಕೊಪ್ಪಳ, ರಾಯಚೂರಿನಿಂದ ಡೈವಿಂಗ್‌ಗೆ ಹೊರಡುವವರಿಗೆ ನಾನು ಮೊದಲು ಹೇಳುವುದು ಇಷ್ಟು: ಸ್ವಂತಕ್ಕೆ ಒಂದೇ ಒಂದು ಸಾಮಾನು ಕೊಳ್ಳುವುದಾದರೆ ಮಾಸ್ಕ್ ಕೊಳ್ಳಿ. ಕಾಲಿಗೆ ಹಾಕುವ ಈಜುರೆಕ್ಕೆ ಅಂದರೆ ಫಿನ್, ಗಾಳಿಯ ಸಿಲಿಂಡರ್, ಅದರ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಎಲ್ಲವೂ ಅಲ್ಲಿ ಬಾಡಿಗೆಗೆ ಸಿಗುತ್ತವೆ. ಬಾಡಿಗೆಯ ಮಾಸ್ಕೂ ಸಿಗುತ್ತದೆ, ಆದರೆ ಅದು ನಿಮ್ಮ ಮುಖ ನೋಡಿ ಆರಿಸಿದ್ದಲ್ಲ.

ಮೊದಲು ಬದಿಗಿಡಬೇಕಾದವು

ಈಜುಕೊಳದ ಕನ್ನಡಕ ಡೈವಿಂಗ್‌ಗೆ ಬರುವುದಿಲ್ಲ. ಕಾರಣ ಒತ್ತಡ. ಹತ್ತು ಮೀಟರ್ ಆಳದಲ್ಲಿ ಒತ್ತಡ ದಡದಲ್ಲಿದ್ದುದರ ಎರಡರಷ್ಟಾಗುತ್ತದೆ, ಕನ್ನಡಕದೊಳಗೆ ಸಿಕ್ಕಿಕೊಂಡ ಗಾಳಿ ಅರ್ಧಕ್ಕೆ ಕುಗ್ಗಲು ನೋಡುತ್ತದೆ. ಡೈವಿಂಗ್ ಮಾಸ್ಕಿನಲ್ಲಿ ಮೂಗೂ ಒಳಗಿರುವುದರಿಂದ ಮೂಗಿನಿಂದ ಸ್ವಲ್ಪ ಗಾಳಿ ಬಿಟ್ಟು ಆ ಕೊರತೆ ತುಂಬಬಹುದು. ಈಜುಗನ್ನಡಕದಲ್ಲಿ ಆ ದಾರಿಯೇ ಇಲ್ಲ. ಅದು ಕಣ್ಣನ್ನು ಹೀರಿ ಹಿಡಿಯುತ್ತದೆ, ಸಣ್ಣ ರಕ್ತನಾಳಗಳು ಒಡೆದು ಬಿಳಿಗುಡ್ಡೆ ಕೆಂಪಾಗುತ್ತದೆ. ಮುಖವನ್ನೆಲ್ಲ ಮುಚ್ಚುವ, ನೆತ್ತಿಯ ಮೇಲೆ ಉಸಿರಾಟದ ಕೊಳವೆ (ಸ್ನಾರ್ಕೆಲ್) ಇರುವ ಹೊಸ ಬಗೆಯ ಮಾಸ್ಕ್ ಕೂಡ ನೀರಿನ ಮೇಲ್ಮೈಗೆ ಮಾತ್ರ. ಅದರಲ್ಲಿ ರೆಗ್ಯುಲೇಟರನ್ನು ಬಾಯಿಗೆ ಇಡಲು ಆಗುವುದಿಲ್ಲ, ಕಿವಿಯ ಒತ್ತಡ ಬಿಡಿಸಲು ಮೂಗು ಹಿಡಿಯಲೂ ಆಗುವುದಿಲ್ಲ. ಕೆಲವು ನೂರು ರೂಪಾಯಿಗೆ ಮಾಸ್ಕ್, ಕೊಳವೆ, ಫಿನ್ ಮೂರನ್ನೂ ಒಂದೇ ಚೀಲದಲ್ಲಿ ಕೊಡುವ ಸೆಟ್‌ಗಳಲ್ಲಿ ಪ್ಲಾಸ್ಟಿಕ್ ಗಾಜು, ಗಡಸು ಪಿವಿಸಿ ಅಂಚು ಇರುತ್ತವೆ. ಮಕ್ಕಳು ಕೊಳದಲ್ಲಿ ಆಡಲು ಸರಿ, ಸಮುದ್ರದ ಆಳಕ್ಕೆ ಬೇಡ.

ಉಳಿಯುವುದು ಟೆಂಪರ್ಡ್ ಗಾಜು ಮತ್ತು ಸಿಲಿಕಾನ್ ಅಂಚು ಇರುವ ಮಾಸ್ಕ್. ಗಾಜಿನ ಮೂಲೆಯಲ್ಲಿ ಟೆಂಪರ್ಡ್ ಎಂಬ ಅಚ್ಚು ಇದೆಯೇ ನೋಡಿ. ಇಂತಹ ಗಾಜು ಒಡೆದರೂ ಚೂಪಾದ ಸೀಳುಗಳಾಗುವುದಿಲ್ಲ, ಮೊಂಡು ಚೂರುಗಳಾಗುತ್ತದೆ.

ಒಂದು ಗಾಜು, ಎರಡು ಗಾಜು

ಒಂದೇ ಗಾಜಿನ ಮಾಸ್ಕಿನಲ್ಲಿ ಮೂಗಿನ ಮೇಲೆ ಅಡ್ಡಪಟ್ಟಿ ಇರುವುದಿಲ್ಲ, ನೋಟ ಕಿಟಕಿಯಂತೆ ತೆರೆದಿರುತ್ತದೆ. ಆದರೆ ಗಾಜು ಮೂಗಿನ ದಿಂಡಿನಿಂದ ಸ್ವಲ್ಪ ದೂರ ನಿಲ್ಲಬೇಕಾದ್ದರಿಂದ ಒಳಗಿನ ಗಾಳಿಯ ಜಾಗ ಹಲವು ಮಾದರಿಗಳಲ್ಲಿ ಹೆಚ್ಚು. ಮೂಗಿನ ದಿಂಡು ಎತ್ತರವಿರುವವರಿಗೆ ಚೌಕಟ್ಟು ಹುಬ್ಬುಗಳ ನಡುವೆ ಒತ್ತುತ್ತದೆ. ಆರಂಭದಲ್ಲಿ ಗೊತ್ತಾಗದ ಈ ಒತ್ತು ಇಪ್ಪತ್ತು ನಿಮಿಷದ ನಂತರ ತಲೆನೋವಾಗುತ್ತದೆ.

ಎರಡು ಗಾಜಿನ ಮಾಸ್ಕಿನಲ್ಲಿ ಗಾಜುಗಳು ಕಣ್ಣಿಗೆ ಹತ್ತಿರ ಬರುತ್ತವೆ, ಒಳಗಿನ ಗಾಳಿ ಕಡಿಮೆ. ಗಾಳಿ ಕಡಿಮೆ ಇದ್ದಷ್ಟೂ ಒಳಬಂದ ನೀರನ್ನು ಒಂದೇ ಉಸಿರಿನಲ್ಲಿ ಹೊರದೂಡುವುದು ಸುಲಭ, ಇಳಿಯುವಾಗ ಒತ್ತಡ ಸಮ ಮಾಡುವುದೂ ಸುಲಭ. ಹೊಸಬರು ಹೆಚ್ಚು ಹೆದರುವುದು ಮಾಸ್ಕಿನಲ್ಲಿ ನೀರು ತುಂಬುವುದಕ್ಕೆ, ಹೀಗಾಗಿ ಈ ಅನುಕೂಲ ಚಿಕ್ಕದಲ್ಲ. ಎರಡರಲ್ಲಿ ಒಂದನ್ನು ಕಣ್ಣು ಮುಚ್ಚಿ ಆರಿಸು ಎಂದರೆ ನಾನು ಎರಡು ಗಾಜಿನದನ್ನೇ ಆರಿಸುತ್ತೇನೆ.

ಕನ್ನಡಕ ಹಾಕುವವರಿಗೆ ಇಲ್ಲಿ ಆಯ್ಕೆಯ ಪ್ರಶ್ನೆಯೇ ಇಲ್ಲ, ಎರಡು ಗಾಜಿನದೇ ಬೇಕು. ಮಾಮೂಲಿ ಕನ್ನಡಕವನ್ನು ಮಾಸ್ಕಿನೊಳಗೆ ಹಾಕಲು ಬರುವುದಿಲ್ಲ, ಅದರ ಕಡ್ಡಿ ಸಿಲಿಕಾನ್ ಅಂಚನ್ನು ಎತ್ತಿ ನೀರಿಗೆ ದಾರಿ ಮಾಡಿಕೊಡುತ್ತದೆ. ಎರಡು ಗಾಜಿನ ಹಲವು ಮಾದರಿಗಳಲ್ಲಿ ಗಾಜನ್ನು ಬಿಚ್ಚಿ ಪವರ್ ಇರುವ ಗಾಜು ಕೂರಿಸಬಹುದು. ಅರ್ಧರ್ಧ ಪವರ್ ಅಂತರದಲ್ಲಿ ಸಿದ್ಧ ಗಾಜುಗಳು ಸಿಗುತ್ತವೆ, ಎಡಗಣ್ಣಿಗೊಂದು ಬಲಗಣ್ಣಿಗೊಂದು ಬೇರೆ ಬೇರೆ ಹಾಕಿಸಬಹುದು. ಮಾಸ್ಕ್ ಕೊಳ್ಳುವ ಮೊದಲೇ ಆ ಮಾದರಿಗೆ ಪವರ್ ಗಾಜು ಇದೆಯೇ ಕೇಳಿ, ಕೊಂಡ ಮೇಲೆ ಹುಡುಕಿದರೆ ಸಿಗದೆ ಹೋಗಬಹುದು. ಸಿಲಿಂಡರ್ ಪವರ್ ಇರುವವರಿಗೆ, ಅಂದರೆ ಅಸ್ಟಿಗ್ಮ್ಯಾಟಿಸಂ ಹೆಚ್ಚಿರುವವರಿಗೆ, ಸಿದ್ಧ ಗಾಜು ಪೂರ್ತಿ ಪರಿಹಾರವಾಗುವುದಿಲ್ಲ. ಅವರು ಅಳತೆ ಕೊಟ್ಟು ಮಾಡಿಸಬೇಕು. ಇನ್ನೊಂದು ಮಾತು: ನೀರಿನಲ್ಲಿ ಮಾಸ್ಕಿನ ಮೂಲಕ ನೋಡಿದಾಗ ವಸ್ತುಗಳು ಸುಮಾರು ಮೂರನೇ ಒಂದು ಪಾಲು ದೊಡ್ಡದಾಗಿ, ನಾಲ್ಕನೇ ಒಂದು ಪಾಲು ಹತ್ತಿರವಾಗಿ ಕಾಣುತ್ತವೆ. ಆದ್ದರಿಂದ ಮೈನಸ್ ಒಂದರೊಳಗಿನ ಪವರ್ ಇರುವವರು ಮಾಮೂಲಿ ಗಾಜಿನಲ್ಲೇ ಒಮ್ಮೆ ಇಳಿದು ನೋಡಿ ಆಮೇಲೆ ಖರ್ಚು ಮಾಡಬಹುದು. ಮೃದು ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಇಳಿಯುವವರೂ ಇದ್ದಾರೆ. ಅದಕ್ಕೆ ಮೊದಲು ಕಣ್ಣಿನ ವೈದ್ಯರನ್ನು ಕೇಳಬೇಕು.

ಸಿಲಿಕಾನ್ ಪಾರದರ್ಶಕವೋ ಕಪ್ಪೋ ಎಂಬುದು ಅಂದದ ಮಾತೆಂದು ನಾನೂ ತಿಳಿದಿದ್ದೆ. ಪಾರದರ್ಶಕವಾದರೆ ಬದಿಯಿಂದ ಬೆಳಕು ಬರುತ್ತದೆ, ಮುಖ ಮುಚ್ಚಿದ ಭಾವನೆ ಇರುವುದಿಲ್ಲ. ಇಕ್ಕಟ್ಟೆಂದರೆ ಗಾಬರಿಯಾಗುವವರಿಗೆ ಇದು ನಿಜಕ್ಕೂ ಸಮಾಧಾನ. ಕಪ್ಪಿನಲ್ಲಿ ಬದಿಯ ಹೊಳಪು ಗಾಜಿಗೆ ಬಡಿಯುವುದಿಲ್ಲ, ಎದುರಿನ ನೋಟ ಸ್ಪಷ್ಟ, ಚಿತ್ರ ತೆಗೆಯುವವರಿಗೆ ಅನುಕೂಲ. ನಮ್ಮ ಕಡೆಯ ಬಿಸಿಲು ನೋಡಿದರೆ ಕಪ್ಪಿನ ಪರವಾಗಿ ಇನ್ನೊಂದು ಮಾತಿದೆ: ಪಾರದರ್ಶಕ ಸಿಲಿಕಾನ್ ವರ್ಷ ಕಳೆದಂತೆ ಹಳದಿಯಾಗುತ್ತದೆ, ಕಪ್ಪು ಹಾಗೆಯೇ ಇರುತ್ತದೆ.

ಮುಖಕ್ಕೆ ಇಟ್ಟು ನೋಡುವುದು

ಇದಕ್ಕೆ ಹೊತ್ತು ಕೊಡಿ. ಮಾಸ್ಕಿನ ಪಟ್ಟಿಯನ್ನು ಗಾಜಿನ ಮುಂದಕ್ಕೆ ಮಡಚಿಬಿಡಿ. ತಲೆಯನ್ನು ಹಿಂದಕ್ಕೆ ಬಾಗಿಸಿ ಮಾಳಿಗೆಯ ಕಡೆ ನೋಡುತ್ತಾ ಮಾಸ್ಕನ್ನು ಒತ್ತದೆ ಮುಖದ ಮೇಲೆ ಸುಮ್ಮನೆ ಇಡಿ. ಜೊತೆಗಿರುವವರು ಅಂಚಿನ ಸುತ್ತ ಕಣ್ಣಾಡಿಸಲಿ. ಹಣೆಯ ಬಳಿ, ಕಣ್ಣಿನ ಹೊರಮೂಲೆಯಲ್ಲಿ, ಮೂಗಿನ ಕೆಳಗೆ ಎಲ್ಲಾದರೂ ಸಂದು ಕಂಡರೆ ಅಲ್ಲಿಂದಲೇ ನೀರು ಬರುತ್ತದೆ. ಸಂದಿಲ್ಲದಿದ್ದರೆ ಮೂಗಿನಿಂದ ಮೆಲ್ಲಗೆ ಗಾಳಿ ಎಳೆದು ಉಸಿರು ಹಿಡಿಯಿರಿ, ತಲೆ ನೇರ ಮಾಡಿ ಕೈ ಬಿಡಿ. ಮಾಸ್ಕ್ ಬೀಳದೆ ನಿಲ್ಲಬೇಕು. ಇಲ್ಲಿ ಅನೇಕರು ಜೋರಾಗಿ ಎಳೆಯುತ್ತಾರೆ. ಜೋರಾಗಿ ಎಳೆದರೆ ಹೊಂದದ ಮಾಸ್ಕ್ ಕೂಡ ಮುಖಕ್ಕೆ ಅಂಟುತ್ತದೆ, ಪರೀಕ್ಷೆಗೆ ಅರ್ಥವಿರುವುದಿಲ್ಲ.

ಆಮೇಲೆ ಬಾಯಿಗೆ ರೆಗ್ಯುಲೇಟರಿನ ಅಥವಾ ಸ್ನಾರ್ಕೆಲಿನ ಕಚ್ಚುವ ಭಾಗವನ್ನು ಇಟ್ಟುಕೊಂಡು ಇದನ್ನೇ ಮತ್ತೆ ಮಾಡಿ. ಬಾಯಿ ತುಂಬಿದಾಗ ಕೆನ್ನೆ, ಮೇಲ್ದುಟಿ ಎರಡೂ ಆಕಾರ ಬದಲಿಸುತ್ತವೆ. ಖಾಲಿ ಬಾಯಿಯಲ್ಲಿ ಚೆನ್ನಾಗಿ ಕೂತ ಮಾಸ್ಕ್ ಈ ಹಂತದಲ್ಲಿ ಸೋಲುವುದನ್ನು ನಾನು ಹಲವು ಸಲ ನೋಡಿದ್ದೇನೆ, ನನ್ನ ಮೊದಲ ಮಾಸ್ಕ್ ಸೋತದ್ದೂ ಇಲ್ಲಿಯೇ. ನಕ್ಕು ನೋಡಿ, ಹುಬ್ಬು ಏರಿಸಿ ನೋಡಿ. ಹೊರಗಿನಿಂದ ಎರಡು ಬೆರಳಿನಲ್ಲಿ ಮೂಗನ್ನು ಪೂರ್ತಿ ಹಿಡಿಯಲು ಬರುತ್ತದೆಯೇ ನೋಡಿ, ಕಿವಿ ಬಿಡಿಸಲು ಇದು ಪ್ರತಿ ಮೀಟರಿಗೂ ಬೇಕು. ಮೂಗಿನ ತುದಿ ಸಿಲಿಕಾನಿಗೆ ತಾಗಿ ಬಾಗಿದ್ದರೆ ಆ ಮಾಸ್ಕ್ ಬೇಡ. ಕೊನೆಗೆ ಪಟ್ಟಿ ಹಾಕಿಕೊಂಡು ಐದು ನಿಮಿಷ ಸುಮ್ಮನೆ ಕುಳಿತಿರಿ. ಎಲ್ಲಿ ನೋಯುತ್ತದೆಯೋ ಅಲ್ಲಿ ನೀರಿನಲ್ಲೂ ನೋಯುತ್ತದೆ.

ನಮ್ಮ ಊರುಗಳಲ್ಲಿ ಇಂತಹ ಅಂಗಡಿ ಇಲ್ಲದಿದ್ದರೆ ಎರಡು ದಾರಿ. ಡೈವಿಂಗ್ ಕೇಂದ್ರಕ್ಕೆ ಹೋದಾಗ ಅಲ್ಲಿರುವ ನಾಲ್ಕೈದು ಬಗೆಯ ಮಾಸ್ಕ್ ಹಾಕಿ ನೋಡಿ, ಹೊಂದಿದ ಮಾದರಿಯ ಹೆಸರು ಬರೆದುಕೊಂಡು ಬಂದು ಅದನ್ನೇ ತರಿಸುವುದು ಒಳ್ಳೆಯ ದಾರಿ. ಅದಾಗದಿದ್ದರೆ ವಾಪಸ್ ತೆಗೆದುಕೊಳ್ಳುವ ಕಡೆಯಿಂದ ಎರಡು ಮೂರು ತರಿಸಿ, ನೀರು ಸೋಕಿಸದೆ ಒಣ ಪರೀಕ್ಷೆ ಮಾಡಿ, ಸೋತವನ್ನು ಹಿಂದಿರುಗಿಸಿ. ಗೆದ್ದದ್ದನ್ನು ಬಕೆಟ್ಟಿಗೆ ತನ್ನಿ. ದೊಡ್ಡ ಬಕೆಟ್ಟಿನ ತುಂಬ ನೀರು ಹಿಡಿದು, ಮಾಸ್ಕ್ ಹಾಕಿ, ಉಸಿರು ಹಿಡಿದು ಮುಖ ಮುಳುಗಿಸಿ ಇಪ್ಪತ್ತು ಎಣಿಸಿ. ಇದನ್ನು ಐದಾರು ಬಾರಿ ಮಾಡಿದರೆ ಸೋರುವ ಜಾಗ ಗೊತ್ತಾಗುತ್ತದೆ. ನಾನು ಈಗ ಯಾವ ಮಾಸ್ಕನ್ನೂ ಬಕೆಟ್ಟಿಗೆ ಇಳಿಸದೆ ಸಮುದ್ರಕ್ಕೆ ಒಯ್ಯುವುದಿಲ್ಲ.

ಮೀಸೆಯ ಮಾತನ್ನು ಇಲ್ಲಿ ಹೇಳಲೇಬೇಕು. ನಮ್ಮಲ್ಲಿ ಮೀಸೆ ಬಿಟ್ಟವರು ಬಹಳ. ಸಿಲಿಕಾನ್ ಅಂಚು ಕೂರುವುದು ಮೇಲ್ದುಟಿಯ ಮೇಲೆ, ಮೂಗಿನ ಬುಡದಲ್ಲಿ. ಅಲ್ಲಿ ಕೂದಲಿದ್ದರೆ ಅದರ ನಡುವೆ ನೀರು ನುಸುಳುತ್ತದೆ. ಪೂರ್ತಿ ಬೋಳಿಸಬೇಕಾಗಿಲ್ಲ, ಮೂಗಿನ ಕೆಳಗೆ ಕಿರುಬೆರಳಿನ ಅರ್ಧದಷ್ಟು ಅಗಲ ತೆಗೆದರೆ ಬಹುಮಟ್ಟಿಗೆ ಸಾಕು. ತೆಗೆಯಲು ಮನಸ್ಸಿಲ್ಲದವರು ಅಲ್ಲಿ ಸಿಲಿಕಾನ್ ಗ್ರೀಸ್ ತೆಳುವಾಗಿ ಸವರಿಕೊಳ್ಳಬಹುದು. ಮೂಗುತಿ ಇರುವ ಹೆಣ್ಣುಮಕ್ಕಳು ಅದನ್ನು ಹಾಕಿಕೊಂಡೇ ಮೂಗು ಹಿಡಿದು ನೋಡಬೇಕು. ಹರಳು ಚುಚ್ಚಿದರೆ ಆ ದಿನದ ಮಟ್ಟಿಗೆ ಚಿಕ್ಕ ಚಪ್ಪಟೆ ಮೂಗುತಿ ಹಾಕಿಕೊಳ್ಳುವುದು ಮೇಲು. ಹಣೆಯ ಮೇಲೆ ಇಳಿದ ಒಂದೇ ಕೂದಲೆಳೆ ಅಂಚಿನ ಕೆಳಗೆ ಸಿಕ್ಕರೂ ನೀರು ಬರುತ್ತದೆ, ಕೂದಲನ್ನು ಪೂರ್ತಿ ಹಿಂದಕ್ಕೆ ಕಟ್ಟಿ. ಆ ದಿನ ಬೆಳಿಗ್ಗೆ ಕೊಬ್ಬರಿ ಎಣ್ಣೆ, ಮುಖದ ಕ್ರೀಮು ಬೇಡ, ಅಂಚು ಜಾರುತ್ತದೆ.

ಪಟ್ಟಿಯನ್ನು ಬಿಗಿದರೆ ಸೋರುವುದು ನಿಲ್ಲುತ್ತದೆ ಎಂಬುದು ತಪ್ಪು ತಿಳಿವಳಿಕೆ. ಬಿಗಿ ಹೆಚ್ಚಾದರೆ ಅಂಚು ಮಡಚಿ ಸೋರಿಕೆ ಹೆಚ್ಚುತ್ತದೆ. ಮಾಸ್ಕನ್ನು ಮುಖಕ್ಕೆ ಒತ್ತಿ ಹಿಡಿಯುವುದು ನೀರಿನ ಒತ್ತಡ, ಪಟ್ಟಿ ಅದು ಜಾರದಂತೆ ನೋಡಿಕೊಂಡರೆ ಸಾಕು. ಪಟ್ಟಿ ಕಿವಿಗಿಂತ ಮೇಲಕ್ಕೆ, ತಲೆಯ ಹಿಂಭಾಗದ ಉಬ್ಬಿನ ಮೇಲೆ ಕೂರಲಿ. ಉದ್ದ ಕೂದಲಿನವರಿಗೆ ಸಿಲಿಕಾನ್ ಪಟ್ಟಿಗಿಂತ ರಬ್ಬರಿನಂಥ ಮೆತ್ತನೆಯ ನಿಯೋಪ್ರೀನ್ ಬಟ್ಟೆಯ ಅಗಲ ಪಟ್ಟಿ ಹಿತ, ಕೂದಲು ಕಿತ್ತು ಬರುವುದಿಲ್ಲ.

ಹೊಸ ಮಾಸ್ಕ್ ಮಂಜುಗಟ್ಟುವುದು ಸಹಜ. ತಯಾರಿಕೆಯ ವೇಳೆ ಗಾಜಿನ ಒಳಮೈಗೆ ಸಿಲಿಕಾನಿನ ತೆಳು ಪೊರೆ ಅಂಟಿರುತ್ತದೆ. ಜೆಲ್ ಅಲ್ಲದ ಬಿಳಿ ಟೂತ್‌ಪೇಸ್ಟನ್ನು ಬೆರಳಿನಲ್ಲಿ ಒಳಗಾಜಿಗೆ ಉಜ್ಜಿ ತೊಳೆಯಿರಿ, ಹೀಗೆ ನಾಲ್ಕೈದು ಸಲ ಮಾಡಿ. ಒಳಗಾಜಿಗೆ ಕಂಪನಿಯೇ ಲೇಪನ ಕೊಟ್ಟಿದ್ದರೆ ಮಾತ್ರ ಉಜ್ಜಬೇಡಿ. ಬೂದಿ, ಪಾತ್ರೆ ತಿಕ್ಕುವ ಪುಡಿ ಬೇಡವೇ ಬೇಡ. ನೀರಿಗಿಳಿಯುವ ಮುಂಚೆ ಒಳಗೆ ಉಗುಳು ಸವರಿ ಒಮ್ಮೆ ಅಲುಬಿದರೆ ಸಾಕು. ಮುಜುಗರವೆನಿಸಿದರೆ ಮಕ್ಕಳ ಶಾಂಪೂವನ್ನು ನೀರಿಗೆ ಬೆರೆಸಿ ಚಿಕ್ಕ ಸೀಸೆಯಲ್ಲಿ ಒಯ್ಯಿರಿ.

ಫಿನ್: ಪೂರ್ತಿ ಪಾದದ್ದೋ, ಹಿಮ್ಮಡಿ ತೆರೆದದ್ದೋ

ಫಿನ್‌ಗಳಲ್ಲಿ ಮುಖ್ಯ ಭೇದ ಇದೇ. ಪೂರ್ತಿ ಪಾದದ ಫಿನ್ ಮೆತ್ತನೆಯ ಬೂಟಿನಂತೆ ಬರಿಗಾಲಿಗೆ ಕೂರುತ್ತದೆ. ಹಗುರ, ಬೆಲೆ ಕಡಿಮೆ, ಪಟ್ಟಿ ಬಕಲ್ ಕೆಡುವ ಚಿಂತೆ ಇಲ್ಲ. ಹಿಮ್ಮಡಿ ತೆರೆದ ಫಿನ್‌ನಲ್ಲಿ ಹಿಂದೆ ಪಟ್ಟಿ ಇರುತ್ತದೆ, ಒಳಗೆ ನಿಯೋಪ್ರೀನ್ ಬೂಟು ಬೇಕೇ ಬೇಕು. ತಣ್ಣೀರಿಗೆ, ಕಲ್ಲು ದಂಡೆಯಿಂದ ನಡೆದು ನೀರಿಗಿಳಿಯುವ ಜಾಗಗಳಿಗೆ ಅದು ಸರಿ. ನೇತ್ರಾಣಿಯಲ್ಲಿ ದೋಣಿಯಿಂದ ನೇರ ನೀರಿಗಿಳಿಯುತ್ತೇವೆ, ಏಣಿ ಹಿಡಿದು ದೋಣಿಗೇ ಮರಳುತ್ತೇವೆ, ನೀರೂ ಬೆಚ್ಚಗಿರುತ್ತದೆ. ಅಲ್ಲಿಗೆ ಪೂರ್ತಿ ಪಾದದ ಫಿನ್ ಸಾಕು.

ಆದರೆ ಒಂದು ತೊಡಕು. ಚಪ್ಪಲಿಯಲ್ಲೇ, ಬರಿಗಾಲಿನಲ್ಲೇ ಬೆಳೆದ ನಮ್ಮ ಪಾದ ಬೆರಳಿನ ಕಡೆ ಅಗಲ. ಬೂಟಿನೊಳಗೆ ಬೆಳೆದ ಕಾಲಿಗೆ ಎರಕ ಹೊಯ್ದ ಫಿನ್ ಉದ್ದಕ್ಕೆ ಸರಿಯಾದರೂ ಕಿರುಬೆರಳನ್ನು ಹಿಂಡುತ್ತದೆ. ಅಂತಹವರು ಒಂದು ಸೈಜು ದೊಡ್ಡದು ತೆಗೆದುಕೊಂಡು ಒಳಗೆ ತೆಳು ನಿಯೋಪ್ರೀನ್ ಕಾಲುಚೀಲ ಹಾಕಬಹುದು. ಹಿಮ್ಮಡಿ ಉಜ್ಜಿ ಬೊಬ್ಬೆ ಬರುವುದೂ ಇದರಿಂದ ತಪ್ಪುತ್ತದೆ. ಆಗಲೂ ಹಿಂಡಿದರೆ ಹಿಮ್ಮಡಿ ತೆರೆದದ್ದನ್ನೇ ಆರಿಸಿ.

ಸೈಜಿನ ಅಂಕಿ ಬಹುಪಾಲು ಯೂರೋಪಿನದು, 40–41, 42–43 ಎಂದು ಜೋಡಿಯಾಗಿ ಇರುತ್ತದೆ. ನಮ್ಮ ಅಂಗಡಿಯ 8ನೇ ನಂಬರು ಹೆಚ್ಚುಕಡಿಮೆ ಅಲ್ಲಿಯ 42. ಸಂಜೆಯ ಹೊತ್ತು ಹಾಕಿ ನೋಡಿ, ಹಗಲೆಲ್ಲ ನಿಂತ ಕಾಲು ಸ್ವಲ್ಪ ಊದಿರುತ್ತದೆ. ಕಾಲನ್ನು ಒಮ್ಮೆ ನೀರಿನಲ್ಲಿ ಒದ್ದೆ ಮಾಡಿಕೊಂಡರೆ ಫಿನ್ ಸುಲಭವಾಗಿ ಏರುತ್ತದೆ. ಕುಳಿತು ಕಾಲೆತ್ತಿ ಅಲ್ಲಾಡಿಸಿದಾಗ ಹಿಮ್ಮಡಿ ಜಾರಬಾರದು, ಬೆರಳುಗಳು ಮಡಚಿರಬಾರದು, ಅಂಗಾಲಿನ ಕಮಾನಿನಲ್ಲಿ ಎಳೆತ ಇರಬಾರದು. ಸಡಿಲ ಫಿನ್ ಪ್ರತಿ ಒದೆತಕ್ಕೂ ಚರ್ಮ ತಿನ್ನುತ್ತದೆ, ಬಿಗಿ ಫಿನ್ ಹತ್ತು ನಿಮಿಷದಲ್ಲಿ ಪಾದ ಜೋಮು ಹಿಡಿಸುತ್ತದೆ. ಹಿಮ್ಮಡಿ ತೆರೆದದ್ದನ್ನು ಬೂಟು ಹಾಕಿಕೊಂಡೇ ನೋಡಬೇಕು, ಮೊದಲು ಬೂಟು ಕೊಳ್ಳಿ, ನಂತರ ಫಿನ್. ಅದರ ಪಟ್ಟಿಯಲ್ಲಿ ರಬ್ಬರ್ ಬಕಲಿಗಿಂತ ಸ್ಪ್ರಿಂಗ್ ಪಟ್ಟಿ ಬಾಳಿಕೆ ಬರುತ್ತದೆ, ಅಲೆಯ ಮೇಲೆ ಕುಲುಕುವ ದೋಣಿಯಲ್ಲಿ ಹಾಕಿ ತೆಗೆಯಲೂ ಸಲೀಸು.

ಬ್ಲೇಡು, ಅಂದರೆ ಫಿನ್‌ನಲ್ಲಿ ಪಾದದ ಮುಂದೆ ಚಾಚಿದ ಅಗಲ ಹಲಗೆ, ಇದರ ವಿಚಾರ ತಿಳಿಯಲು ಆನೆಗೊಂದಿ, ಸಾಣಾಪುರದ ಕಡೆ ಹರಿಗೋಲು ನಡೆಸುವವರ ಹುಟ್ಟನ್ನು ನೆನೆಯಿರಿ. ಹುಟ್ಟು ಅಗಲವಾದಷ್ಟೂ ಒಂದು ಎಳೆತಕ್ಕೆ ಹರಿಗೋಲು ಹೆಚ್ಚು ಸಾಗುತ್ತದೆ, ತೋಳೂ ಅಷ್ಟೇ ಬೇಗ ಸೋಲುತ್ತದೆ. ಉದ್ದವಾದ, ಗಡಸಾದ ಬ್ಲೇಡು ಸೆಳವನ್ನು ಎದುರಿಸುತ್ತದೆ, ಆದರೆ ಅಭ್ಯಾಸವಿಲ್ಲದ ಕಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ. ಹಾಗೆ ಹಿಡಿದುಕೊಂಡರೆ ಒದೆಯುವುದನ್ನು ನಿಲ್ಲಿಸಿ ಫಿನ್ನಿನ ತುದಿಯನ್ನು ಕೈಯಲ್ಲಿ ಹಿಡಿದು ನಿಮ್ಮತ್ತ ಎಳೆದುಕೊಳ್ಳಿ, ಸ್ನಾಯು ಬಿಡುತ್ತದೆ. ಮೊದಲ ಫಿನ್ ಮಧ್ಯಮ ಉದ್ದದ್ದು, ಕೈಯಲ್ಲಿ ಬಗ್ಗಿಸಿದರೆ ಬಾಗಿ ತಟ್ಟನೆ ಹಿಂದಿರುಗುವಂಥದ್ದು ಇರಲಿ. ನಡುವೆ ಸೀಳಿದ ಬ್ಲೇಡಿನದು ಮೇಲೆ ಕೆಳಗೆ ಕಾಲಾಡಿಸುವವರಿಗೆ ಹಗುರ, ಮಂಡಿ ನೋವಿರುವವರು ಇಷ್ಟಪಡುತ್ತಾರೆ. ಆದರೆ ಕಪ್ಪೆಯಂತೆ ಒದೆಯಲು, ಹಿಂದಕ್ಕೆ ಸರಿಯಲು ಅದರಲ್ಲಿ ಹಿಡಿತ ಸಾಲದು. ತಳದ ಮರಳು ಎಬ್ಬಿಸದೆ ಈಜಲು ಕಪ್ಪೆ ಒದೆತವೇ ಬೇಕಾದ್ದರಿಂದ ನಾನು ಸೀಳು ಬ್ಲೇಡನ್ನು ಸೂಚಿಸುವುದಿಲ್ಲ. 1965ರಲ್ಲಿ ಬಂದ ಜೆಟ್ ಫಿನ್ ಮಾದರಿಯ ಭಾರದ ರಬ್ಬರ್ ಫಿನ್‌ಗಳು ಇಂದಿಗೂ ಬಳಕೆಯಲ್ಲಿವೆ, ದಶಕಗಟ್ಟಲೆ ಬಾಳುತ್ತವೆ. ಬೆಚ್ಚನೆ ನೀರಿನ ಹೊಸಬರಿಗೆ ಆ ಭಾರ ಬೇಕಾಗಿಲ್ಲ. ಉಸಿರು ಹಿಡಿದು ಮುಳುಗುವವರ ಬಹಳ ಉದ್ದನೆಯ ಫಿನ್ ಬೇರೆಯೇ ವಿದ್ಯೆಗೆ ಸೇರಿದ್ದು.

ವರ್ಷಕ್ಕೊಮ್ಮೆ ಮಾತ್ರ ಹೋಗುವವರು ಫಿನ್ ಕೊಳ್ಳುವ ಅವಸರ ಮಾಡಬೇಡಿ. ಎರಡು ಮೂರು ಸಲ ಬಾಡಿಗೆಯವನ್ನು ಹಾಕಿ, ಯಾವುದು ಎಲ್ಲಿ ಕಚ್ಚಿತು ಎಂದು ಬರೆದಿಟ್ಟುಕೊಂಡು ಆಮೇಲೆ ನಿರ್ಧರಿಸಿ. ಮಳೆಗಾಲದಲ್ಲಿ ನೇತ್ರಾಣಿ ಮುಚ್ಚಿರುತ್ತದೆ, ಯೋಚಿಸಲು ಜೂನ್‌ನಿಂದ ಸೆಪ್ಟೆಂಬರ್ ತನಕ ಸಮಯವಿದೆ.

ಹೊಸ ಫಿನ್ ಬಂದ ಉತ್ಸಾಹದಲ್ಲಿ ತುಂಗಭದ್ರಾ ಕಾಲುವೆಗೆ ಇಳಿಯುವ ಹುಡುಗರಿಗೆ ಕೈಮುಗಿದು ಹೇಳುತ್ತೇನೆ, ಅದು ಬೇಡ. ಕಾಲುವೆಯ ಇಳಿಜಾರು ಗೋಡೆ ಹತ್ತಲು ಬರುವುದಿಲ್ಲ, ನೀರಿನ ಸೆಳವು ಮೇಲಿನಿಂದ ಕಾಣುವುದಿಲ್ಲ, ಫಿನ್ ಹಾಕಿದ ಕಾಲಿನಲ್ಲಿ ನಿಲ್ಲಲೂ ಆಗುವುದಿಲ್ಲ. ನದಿಯಲ್ಲಿ ಬಂಡೆಗಳ ನಡುವೆ ಸುಳಿಗಳಿವೆ, ಮೊಸಳೆಗಳೂ ಇವೆ. ಕಾವಲಿರುವ ಈಜುಕೊಳದಲ್ಲಿ ಒಪ್ಪಿಗೆ ಪಡೆದು ಹತ್ತು ಸುತ್ತು ಈಜಿದರೆ ತಿಳಿಯಬೇಕಾದದ್ದೆಲ್ಲ ತಿಳಿಯುತ್ತದೆ.

ತಂದ ಸಾಮಾನು ಉಳಿಯಬೇಕಾದರೆ ನಮ್ಮ ಬೇಸಿಗೆಯಿಂದ ಕಾಪಾಡಬೇಕು. ರಾಯಚೂರಿನ ಮೇ ತಿಂಗಳಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯೊಳಗೆ ಫಿನ್ ಇಟ್ಟರೆ ಬ್ಲೇಡು ಸೊಟ್ಟಗಾಗುತ್ತದೆ. ತಗಡಿನ ಮಾಳಿಗೆಯ ಕೆಳಗಿನ ಅಟ್ಟವೂ ಅಷ್ಟೇ ಕೆಟ್ಟದ್ದು. ಗೋಡೆಗೆ ಒರಗಿಸಿ ತುದಿಯ ಮೇಲೆ ನಿಲ್ಲಿಸಬೇಡಿ, ಮಂಚದ ಕೆಳಗೆ ತಂಪಾದ ನೆಲದ ಮೇಲೆ ಮಲಗಿಸಿ, ಹೊಸದರಲ್ಲಿ ಪಾದದ ಜಾಗಕ್ಕೆ ತುರುಕಿ ಬಂದ ಪ್ಲಾಸ್ಟಿಕ್ ಅಚ್ಚನ್ನು ಎಸೆಯದೆ ಒಳಗಿಡಿ. ಸಮುದ್ರದ ಉಪ್ಪನ್ನು ಸಿಹಿನೀರಿನಲ್ಲಿ ನೆನೆಸಿ ತೊಳೆಯಬೇಕು. ನಮ್ಮ ಬೋರ್‌ವೆಲ್ ನೀರು ಗಡಸು, ಒಣಗಿದ ಮೇಲೆ ಗಾಜಿನ ಮೇಲೆ ಬಿಳಿ ಕಲೆ ಉಳಿಯುತ್ತದೆ. ಹಾಗಾಗಿ ಕೊನೆಯ ಸಲ ಒಂದು ತಂಬಿಗೆ ಕುಡಿಯುವ ನೀರು ಹಾಕಿ. ನೆರಳಿನಲ್ಲಿ ಒಣಗಿಸಿ, ಮಾಸ್ಕನ್ನು ಅದರ ಡಬ್ಬಿಯಲ್ಲೇ ಇಡಿ. ಮನೆಯಲ್ಲಿ ಕಪ್ಪು ಸಿಲಿಕಾನಿನದೊಂದು, ಪಾರದರ್ಶಕದ್ದೊಂದು ಇದ್ದರೆ ಎರಡನ್ನೂ ತಾಗಿಸಿ ಇಡಬೇಡಿ, ಕಪ್ಪಿನ ಬಣ್ಣ ಬಿಳಿಯದಕ್ಕೆ ಹತ್ತಿಕೊಂಡರೆ ಮತ್ತೆ ಹೋಗುವುದಿಲ್ಲ.